ಕಾಯಿಲೆ ಇಲ್ಲೇ ಯಾಕೆ, ಈಗಲೇ ಯಾಕೆ ಹಬ್ಬಿತು? ಹೆಣೆದುಕೊಂಡಿರೋ ಕಾರಣಗಳನ್ನ ಬಿಡಿಸಿ ನೋಡೋದು ಹೀಗೆ

ಯಾವ ಜಾಗದಲ್ಲಿ ಕಾಯಿಲೆ ಹಬ್ಬಿದ್ರೂ ಒಂದೆರಡು ದಿನದೊಳಗೆ ಒಂದು ಕಾರಣ ರೆಡಿ ಆಗಿಬಿಡತ್ತೆ. ನೀರು ಕೆಟ್ಟಿತ್ತು, ಸೊಳ್ಳೆ ಜಾಸ್ತಿ ಆಗಿತ್ತು, ಜನ ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ, ಹೊರಗಿಂದ ಬಂದವ್ರು ತಂದ್ರು. ಇದ್ರಲ್ಲಿ ಯಾವುದೂ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ನೀರು ಹತ್ತು ವರ್ಷದಿಂದ ಕೆಟ್ಟೇ ಇತ್ತಲ್ಲ, ಈ ವರ್ಷವೇ ಯಾಕೆ? ಸೊಳ್ಳೆ ಎರಡೂ ಬೀದೀಲಿ ಇತ್ತಲ್ಲ, ಜ್ವರ ಒಂದೇ ಬೀದೀಲಿ ಯಾಕೆ? ಈ ಎರಡು ಪ್ರಶ್ನೆ ಕೇಳಿದ್ರೆ ಸಾಕು, ಒಂಟಿ ಕಾರಣ ಅಲ್ಲಾಡೋಕೆ ಶುರು ಆಗತ್ತೆ. ರೋಗಾಣು, ಮನುಷ್ಯರ ಮೈ, ಸುತ್ತಲ ಪರಿಸರ, ಜನ ಬದುಕೋ ರೀತಿ, ಇವೆಲ್ಲ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಸೇರಿದಾಗ ಕಾಯಿಲೆ ಹರಡತ್ತೆ, ಆ ಸೇರಿಕೆಯನ್ನೇ ನಾವು ಹುಡುಕಬೇಕಾಗಿರೋದು.

ಪಬ್ಲಿಕ್ ಹೆಲ್ತ್ ಅಥವಾ ನರ್ಸಿಂಗ್ ಓದ್ತಿರೋರು, ಫೀಲ್ಡಲ್ಲಿ ಕೆಲಸ ಮಾಡೋರು, ಔಟ್‌ಬ್ರೇಕ್ ಬಗ್ಗೆ ವರದಿ ಬರೆಯೋರು ಇವರನ್ನ ಮನಸ್ಸಲ್ಲಿ ಇಟ್ಕೊಂಡು ಇದನ್ನ ಬರೀತಿದೀನಿ. ಬೇಕಾಗಿರೋದು ಒಂದು ದೊಡ್ಡ ಹಾಳೆ, ಪೆನ್ಸಿಲ್ಲು, ಕೇಸುಗಳ ಪಟ್ಟಿ. ಸಾಫ್ಟ್‌ವೇರ್ ಆಮೇಲೆ ನೋಡ್ಕೊಳ್ಳೋಣ.

ವಿಧಾನಕ್ಕೆ ಹೋಗೋ ಮುಂಚೆ ಒಂದು ನಿಜವಾದ ಘಟನೆಯನ್ನ ಹತ್ತಿರದಿಂದ ನೋಡಿ, ಯಾಕಂದ್ರೆ ಕಾರಣಗಳು ಹೇಗೆ ಕೈ ಕೈ ಹಿಡ್ಕೊಳ್ತವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2003ರ ಮಾರ್ಚ್, ಹಾಂಗ್‌ಕಾಂಗ್, ಅಮಾಯ್ ಗಾರ್ಡನ್ಸ್ ಅನ್ನೋ ಎತ್ತರದ ವಸತಿ ಕಟ್ಟಡಗಳು. ಸಾರ್ಸ್ ಅನ್ನೋ ಶ್ವಾಸಕೋಶದ ವೈರಸ್ ಕಾಯಿಲೆಯ ಸೋಂಕಿದ್ದ ಒಬ್ಬ ವ್ಯಕ್ತಿ ಅಲ್ಲಿನ ಒಂದು ಬ್ಲಾಕಲ್ಲಿದ್ದ ಸಂಬಂಧಿಕರ ಮನೆಗೆ ಬಂದು ಹೋದ್ರು, ಅವರಿಗೆ ಆಗ ಭೇದಿ ಇತ್ತು, ಅಲ್ಲಿನ ಟಾಯ್ಲೆಟ್ ಬಳಸಿದ್ರು. ಏಪ್ರಿಲ್ ಮಧ್ಯದ ಹೊತ್ತಿಗೆ ಆ ವಸತಿ ಸಮುಚ್ಚಯದಲ್ಲಿ 300ಕ್ಕಿಂತ ಹೆಚ್ಚು ಜನಕ್ಕೆ ಸೋಂಕು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿರ್ಲಿಲ್ಲ, ಮಾತಾಡಿರ್ಲಿಲ್ಲ, ಮತ್ತೆ ಹೇಗೆ?

ತನಿಖೆ ಮಾಡಿದವ್ರು ಬಾತ್‌ರೂಮಿಗೆ ಹೋದ್ರು. ನೆಲದ ಮೇಲಿನ ನೀರು ಹೋಗೋ ಜಾಲರಿ ಕೆಳಗೆ ಯು ಆಕಾರದ ಬಾಗಿದ ಪೈಪ್ ಇರತ್ತೆ, ಅದರಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿದ್ರೆ ಡ್ರೈನೇಜ್ ಗಾಳಿ ಮೇಲೆ ಬರಲ್ಲ. ಆ ಮನೆಗಳಲ್ಲಿ ತುಂಬಾ ಜನ ಬಾತ್‌ರೂಮ್ ನೆಲಕ್ಕೆ ನೀರು ಸುರಿದು ತೊಳೀತಿರ್ಲಿಲ್ಲ, ಒರೆಸ್ತಿದ್ರು ಅಷ್ಟೇ, ಹಾಗಾಗಿ ಆ ನೀರು ಒಣಗಿಹೋಗಿತ್ತು. ಜೊತೆಗೆ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಫ್ಯಾನು ಗಾಳಿಯನ್ನ ಹೊರಗೆ ತಳ್ಳತ್ತೆ, ಆ ಜಾಗ ತುಂಬೋಕೆ ಒಣಗಿದ ಪೈಪಿಂದ ಗಾಳಿ ಒಳಗೆ ನುಗ್ಗತ್ತೆ, ಆ ಗಾಳಿ ಜೊತೆ ಸಣ್ಣ ಸಣ್ಣ ಹನಿಗಳಲ್ಲಿ ವೈರಸ್ಸೂ ಬರತ್ತೆ. ಮೇಲೆ ಮನೆಗಳ ನಡುವಿನ ಕಿರಿದಾದ ಗಾಳಿ ಸಂದಿ ಬೇರೆ, ಅದು ಅದನ್ನ ಮೇಲಿನ ಮಹಡಿಗಳಿಗೆ ಒಯ್ತು.

ಈಗ ಇದ್ರಲ್ಲಿ ಯಾವುದನ್ನ ಕಾರಣ ಅಂತೀರಿ? ಆ ರೋಗಿಗೆ ಭೇದಿ ಇಲ್ದೆ ಬರೀ ಕೆಮ್ಮು ಇದ್ದಿದ್ರೆ ಪೈಪಿನ ಕಥೆಯೇ ಇರ್ತಿರ್ಲಿಲ್ಲ. ಪೈಪಲ್ಲಿ ಒಂದು ಲೋಟ ನೀರು ನಿಂತಿದ್ರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿದ್ರೂ ಏನೂ ಆಗ್ತಿರ್ಲಿಲ್ಲ. ಒಣಗಿದ ಪೈಪು, ಫ್ಯಾನು, ಸಂದಿ ಇವು ಮುಂಚಿಂದಲೂ ಇದ್ದವು, ಯಾರಿಗೂ ಸಾರ್ಸ್ ಬಂದಿರ್ಲಿಲ್ಲ. ನಾನು ಗುಣಾಕಾರ ಅನ್ನೋದು ಇದನ್ನೇ. ಕೂಡಿಸೋದ್ರಲ್ಲಿ ಒಂದು ಸೊನ್ನೆ ಇದ್ರೂ ಉಳಿದಿದ್ದು ಉಳಿಯತ್ತೆ, ಗುಣಿಸೋದ್ರಲ್ಲಿ ಒಂದು ಸೊನ್ನೆ ಬಂದ್ರೆ ಪೂರ್ತಿ ಸೊನ್ನೆ.

ಹಾಳೆ ಮೇಲೆ ಮೊದಲು ಏನು ಬರೀಬೇಕು

ಎಲ್ಲಾ ಪಠ್ಯಪುಸ್ತಕದಲ್ಲೂ ಒಂದು ತ್ರಿಕೋನ ಇರತ್ತೆ, ರೋಗಾಣು ಒಂದು ಮೂಲೆ, ಮನುಷ್ಯ ಒಂದು ಮೂಲೆ, ಪರಿಸರ ಒಂದು ಮೂಲೆ. ಅದನ್ನ ಬರೀರಿ, ತಪ್ಪೇನಿಲ್ಲ. ಆದ್ರೆ ಬಹಳಷ್ಟು ಜನ ಮೂರು ಮೂಲೆ ಕೆಳಗೆ ಮೂರು ಪಟ್ಟಿ ತುಂಬಿಸಿ ಅಲ್ಲಿಗೇ ಕೆಲಸ ಮುಗಿಸಿಬಿಡ್ತಾರೆ. ಬಡತನ, ಮಳೆ, ಜನಸಂದಣಿ, ಅಪೌಷ್ಟಿಕತೆ ಅಂತ ಬರೆದು ವರದಿಗೆ ಅಂಟಿಸ್ತಾರೆ. ಪಟ್ಟಿಯಿಂದ ಯಾರಿಗೂ ಪ್ರಯೋಜನ ಇಲ್ಲ. ಬಾಣ ಹಾಕಬೇಕು. ಮಳೆ ಅಂತ ಬರೆದ್ರೆ ಅದರಿಂದ ಒಂದು ಬಾಣ ಹೊರಡಬೇಕು, ಅದು ಎಲ್ಲಿಗೋ ಮುಟ್ಟಬೇಕು, ಮಳೆ ಬಂದ್ರೆ ನಿಂತ ನೀರು, ನಿಂತ ನೀರಿಂದ ಲಾರ್ವಾ, ಲಾರ್ವಾದಿಂದ ಸೊಳ್ಳೆ, ಸೊಳ್ಳೆಯಿಂದ ಕಡಿತ, ಹೀಗೆ. ಯಾವ ಶಬ್ದದಿಂದ ಬಾಣ ಹೊರಡಲ್ವೋ ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ.

ಬಾಣ ಎಲ್ಲಿಗೆ ಮುಟ್ಟಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಒಬ್ಬ ಸೋಂಕಿತ ಎಷ್ಟು ಜನಕ್ಕೆ ದಾಟಿಸ್ತಾನೆ ಅನ್ನೋದು ನಾಲ್ಕೇ ನಾಲ್ಕು ವಿಷಯದ ಮೇಲೆ ನಿಂತಿದೆ. ದಿನಕ್ಕೆ ಎಷ್ಟು ಜನರ ಜೊತೆ ಸಂಪರ್ಕ, ಒಂದು ಸಂಪರ್ಕದಲ್ಲಿ ಸೋಂಕು ದಾಟೋ ಸಾಧ್ಯತೆ ಎಷ್ಟು, ಎಷ್ಟು ದಿನ ಅವನಿಂದ ಹರಡಬಹುದು, ಮತ್ತೆ ಸಿಕ್ಕೋ ಜನರಲ್ಲಿ ಇಮ್ಯುನಿಟಿ ಇಲ್ಲದವರು ಎಷ್ಟು ಪಾಲು. ಈ ನಾಲ್ಕನ್ನೂ ಗುಣಿಸಬೇಕು. ಉತ್ತರ ಒಂದಕ್ಕಿಂತ ಮೇಲಿದ್ರೆ ಕೇಸು ಏರತ್ತೆ, ಕೆಳಗಿದ್ರೆ ಇಳಿಯತ್ತೆ. ನಿಮ್ಮ ಹಾಳೆಯ ಎಲ್ಲಾ ಬಾಣಗಳೂ ಕೊನೆಗೆ ಈ ನಾಲ್ಕರಲ್ಲಿ ಒಂದಕ್ಕೆ ಬಂದು ಸೇರಲೇಬೇಕು. ಬಡತನ ಅಂತ ಬರೆದ್ರಾ? ಸರಿ, ಯಾವುದಕ್ಕೆ? ಒಂದೇ ಕೋಣೇಲಿ ಆರು ಜನ ಮಲಗ್ತಾರೆ ಅಂದ್ರೆ ಸಂಪರ್ಕಕ್ಕೆ. ಒಂದು ದಿನ ಕೆಲಸಕ್ಕೆ ಹೋಗ್ದಿದ್ರೆ ಊಟ ಇಲ್ಲ ಅಂತ ಜ್ವರದಲ್ಲೂ ಹೋಗ್ತಾರೆ ಅಂದ್ರೆ ಸಂಪರ್ಕಕ್ಕೂ ಹೌದು, ಹರಡೋ ದಿನಗಳಿಗೂ ಹೌದು. ಊಟ ಸರಿ ಇಲ್ಲ ಅಂದ್ರೆ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಕಮ್ಮಿ ಆಗೋದಕ್ಕೆ. ಒಂದೇ ಶಬ್ದದಿಂದ ಮೂರು ನಾಲ್ಕು ಬಾಣ ಹೊರಡ್ತಿದ್ರೆ ಅದು ದೊಡ್ಡ ಕಾರಣ, ಅದರ ಸುತ್ತ ಒಂದು ಗೆರೆ ಎಳೀರಿ.

ಇಲ್ಲೇ ಒಂದು ಮಾತು ಹೇಳ್ಬೇಕು. ವರದಿಗಳಲ್ಲಿ ಜನರ ಅಜ್ಞಾನ, ಜನರ ನಿರ್ಲಕ್ಷ್ಯ ಅನ್ನೋ ಸಾಲು ಕಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ. ಕೈ ತೊಳ್ಕೊಳ್ಳಿಲ್ಲ ಅಂತ ಬರೆಯೋ ಮುಂಚೆ ನೀರು ಬರ್ತಿತ್ತಾ ನೋಡಿ, ಆಸ್ಪತ್ರೆಗೆ ಲೇಟಾಗಿ ಬಂದ್ರು ಅಂತ ಬರೆಯೋ ಮುಂಚೆ ಬರೋಕೆ ಎಷ್ಟು ಖರ್ಚಾಗತ್ತೆ ಕೇಳಿ. ನಡವಳಿಕೆಯಿಂದ ಹೊರಡೋ ಬಾಣ ಇರೋ ಹಾಗೇ ನಡವಳಿಕೆಗೆ ಬಂದು ಸೇರೋ ಬಾಣಾನೂ ಇರತ್ತೆ, ಅದನ್ನ ಬಿಟ್ರೆ ಈ ಬಾಣಗಳ ನಕ್ಷೆ ಸುಳ್ಳಾಗತ್ತೆ.

ಗುಣಾಕಾರ ಎಷ್ಟು ದೊಡ್ಡದು ಅಂತ ತಿಳ್ಕೊಳ್ಳೋಕೆ ಸೊಳ್ಳೆ ಲೆಕ್ಕ

ಮಲೇರಿಯಾ ತಗೊಳ್ಳಿ. ಸೊಳ್ಳೆ ಸೋಂಕಿತನನ್ನ ಕಡಿದ ತಕ್ಷಣ ಇನ್ನೊಬ್ಬರಿಗೆ ದಾಟಿಸೋಕೆ ಆಗಲ್ಲ, ಪರಾವಲಂಬಿ ಅದರ ಹೊಟ್ಟೇಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಬೇಕು. ಫಾಲ್ಸಿಪಾರಂ ಅನ್ನೋ ಜಾತಿಯ ಮಲೇರಿಯಾಗೆ ಇದು 25 ಡಿಗ್ರೀಲಿ ಸುಮಾರು 12 ದಿನ, 20 ಡಿಗ್ರೀಲಿ ಹತ್ರ ಹತ್ರ 28 ದಿನ. ಈಗ ದಿನಕ್ಕೆ ನೂರರಲ್ಲಿ 90 ಸೊಳ್ಳೆ ಬದುಕುಳೀತವೆ ಅಂದ್ಕೊಳ್ಳಿ. 12 ದಿನ ಆದ್ಮೇಲೆ ಉಳಿಯೋದು ನೂರಕ್ಕೆ 28. 28 ದಿನ ಆದ್ಮೇಲೆ ಉಳಿಯೋದು ನೂರಕ್ಕೆ 5. ಅಂದ್ರೆ ಐದೇ ಡಿಗ್ರಿ ಚಳಿ ಜಾಸ್ತಿ ಆದ್ರೆ ಅಪಾಯ ಇರೋ ಸೊಳ್ಳೆ ಐದರಲ್ಲಿ ಒಂದು ಪಾಲಿಗೆ ಇಳಿಯತ್ತೆ, ಸೊಳ್ಳೆಯ ಒಟ್ಟು ಸಂಖ್ಯೆ ಅಷ್ಟೇ ಇದ್ರೂ. ಹಾಗಂತ ಬಿಸಿ ಏರಿದಷ್ಟೂ ಮಲೇರಿಯಾ ಏರತ್ತೆ ಅಂತ ಅಲ್ಲ, ತೀರಾ ಬಿಸಿಯಾದ್ರೆ ಸೊಳ್ಳೆಯೇ ಬೇಗ ಸಾಯತ್ತೆ.

ಅದೇ ಲೆಕ್ಕದಲ್ಲಿ ಬದುಕುಳಿಯೋದು 90ರ ಬದಲು 80 ಅಂತ ಮಾಡಿ, ಮನೆ ಗೋಡೆಗೆ ಔಷಧಿ ಹೊಡೆದ್ರಿ ಅಥವಾ ಔಷಧಿ ಇರೋ ಪರದೆ ಕೊಟ್ರಿ ಅಂದ್ಕೊಳ್ಳಿ. 12 ದಿನ ಆದ್ಮೇಲೆ ಉಳಿಯೋದು ನೂರಕ್ಕೆ 7. ದಿನದ ಲೆಕ್ಕದಲ್ಲಿ ಸಣ್ಣ ಬದಲಾವಣೆ, ಕೊನೆಗೆ ನಾಲ್ಕು ಪಟ್ಟು ಕಮ್ಮಿ. ಇನ್ನೊಂದು ಗಮನಿಸಿ, ಕಡಿತ ಎರಡು ಸಲ ಬೇಕು, ಒಂದ್ಸಲ ತಗೊಳ್ಳೋಕೆ, ಇನ್ನೊಂದ್ಸಲ ಕೊಡೋಕೆ. ಹಾಗಾಗಿ ಸೊಳ್ಳೆ ಸಂಖ್ಯೆ ಅರ್ಧ ಮಾಡಿದ್ರೆ ಹರಡೋದು ಅರ್ಧ ಆಗತ್ತೆ, ಆದ್ರೆ ಮನುಷ್ಯರನ್ನ ಕಡಿಯೋದನ್ನ ಅರ್ಧ ಮಾಡಿದ್ರೆ ಹರಡೋದು ಕಾಲು ಭಾಗಕ್ಕೆ ಬರತ್ತೆ. 1897ರಲ್ಲಿ ಸೊಳ್ಳೆ ಹೊಟ್ಟೇಲಿ ಪರಾವಲಂಬಿ ಕಂಡ ರೊನಾಲ್ಡ್ ರಾಸ್ ಆಮೇಲೆ ಇಂಥ ಲೆಕ್ಕವನ್ನೇ ಕೂತು ಹಾಕಿದ್ರು, ಎಲ್ಲಾ ಸೊಳ್ಳೆ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ತಂದ್ರೆ ಮಲೇರಿಯಾ ತಾನಾಗೇ ಕರಗತ್ತೆ ಅಂತ ತೋರಿಸೋಕೆ. ನಿಮ್ಮ ಹಾಳೇಲಿ ಯಾವ ಬಾಣ ಎರಡು ಸಲ ಎಣಿಕೆ ಆಗತ್ತೆ, ಯಾವುದು ದಿನ ದಿನ ಗುಣಿಸ್ಕೊಂಡು ಹೋಗತ್ತೆ ಅಂತ ಹುಡುಕಿ, ಅದನ್ನ ದಪ್ಪ ಮಾಡಿ.

ದಡಾರದಲ್ಲೂ ಇದೇ ಥರ ಅಂಚಿನ ಆಟ. ಯಾರಿಗೂ ಇಮ್ಯುನಿಟಿ ಇಲ್ಲದ ಜಾಗದಲ್ಲಿ ಒಬ್ಬರಿಂದ 12ರಿಂದ 18 ಜನಕ್ಕೆ ದಾಟತ್ತೆ ಅಂತಾರೆ. 15 ಅಂತಿಟ್ಕೊಳ್ಳಿ. ನೂರರಲ್ಲಿ 95 ಜನಕ್ಕೆ ಇಮ್ಯುನಿಟಿ ಇದ್ರೆ ಒಬ್ಬರಿಂದ ಮುಕ್ಕಾಲು ಜನಕ್ಕೆ, ಅಂದ್ರೆ ಆರಿಹೋಗತ್ತೆ. 90 ಜನಕ್ಕೆ ಇದ್ರೆ ಒಂದೂವರೆ ಜನಕ್ಕೆ, ಅಂದ್ರೆ ಹೊತ್ಕೊಳ್ಳತ್ತೆ. ಐದು ಪರ್ಸೆಂಟ್ ವ್ಯತ್ಯಾಸ ಅಷ್ಟೇ. ಅದೂ ಆ ಲಸಿಕೆ ಇಲ್ಲದವರು ಎಲ್ಲಾ ಕಡೆ ಚದುರಿದ್ರೆ ಒಂದು ಕಥೆ, ಒಂದೇ ಕೇರಿ ಒಂದೇ ಶಾಲೇಲಿ ಗುಂಪಾಗಿದ್ರೆ ಇನ್ನೊಂದು, ಸರಾಸರಿ 95 ಇದ್ರೂ ಆ ಗುಂಪಿನೊಳಗೆ ಹಬ್ಬತ್ತೆ. ಸಮೋವಾ ಅನ್ನೋ ಪುಟ್ಟ ದ್ವೀಪ ದೇಶದಲ್ಲಿ 2018ರಲ್ಲಿ ದಡಾರದ ಲಸಿಕೆ ಕಲೆಸೋವಾಗ ತಪ್ಪು ಔಷಧಿ ಬೆರೆಸಿ ಇಬ್ಬರು ಕೂಸುಗಳು ಸತ್ತವು. ಸರ್ಕಾರ ಕಾರ್ಯಕ್ರಮ ತಿಂಗಳುಗಟ್ಟಲೆ ನಿಲ್ಲಿಸ್ತು, ಹೆತ್ತವರ ನಂಬಿಕೆ ಮುರೀತು, ಸುಳ್ಳು ಸುದ್ದಿ ಹರಡೋರು ಅದನ್ನ ಬಳಸ್ಕೊಂಡ್ರು, 2019ರಲ್ಲಿ ವೈರಸ್ ಬಂದಾಗ 83 ಜನ ಸತ್ತರು, ಹೆಚ್ಚಿನವ್ರು ಪುಟ್ಟ ಮಕ್ಕಳು. ಅಲ್ಲಿ ವೈರಸ್ಸಿಗಿಂತ ಮುಂಚೆ ನಂಬಿಕೆ ಕುಸಿದಿತ್ತು. ನಂಬಿಕೆ ಅನ್ನೋದನ್ನ ಹಾಳೆ ಮೇಲೆ ಬರೆಯೋಕೆ ಹಿಂಜರೀಬೇಡಿ.

ಎರಡು ಕಾರಣ ಸೇರಿದಾಗ ಎಷ್ಟು ಹೆಚ್ಚಾಯ್ತು ಅಂತ ಅಳೆಯೋದು

ಇದಕ್ಕೆ ನಾಲ್ಕು ಚೌಕದ ಒಂದು ಟೇಬಲ್ ಸಾಕು. ಉದಾಹರಣೆಗೆ ನಾನೇ ಸಂಖ್ಯೆ ಹಾಕ್ತೀನಿ. ಕಿಕ್ಕಿರಿದ ಮನೆ ಒಂದು ಕಾರಣ, ಅಪೌಷ್ಟಿಕತೆ ಇನ್ನೊಂದು. ಎರಡೂ ಇಲ್ಲದ ಸಾವಿರ ಜನರಲ್ಲಿ 10 ಜನಕ್ಕೆ ಕಾಯಿಲೆ. ಕಿಕ್ಕಿರಿದ ಮನೆ ಮಾತ್ರ ಇದ್ದ ಸಾವಿರದಲ್ಲಿ 30. ಅಪೌಷ್ಟಿಕತೆ ಮಾತ್ರ ಇದ್ದ ಸಾವಿರದಲ್ಲಿ 20. ಎರಡೂ ಇದ್ದೋರಲ್ಲಿ ಎಷ್ಟಿರಬೇಕು? ಸುಮ್ನೆ ಕೂಡಿಸಿದ್ರೆ ಮೂಲದ 10, ಮನೆಯಿಂದ ಹೆಚ್ಚಿದ 20, ಊಟದಿಂದ ಹೆಚ್ಚಿದ 10, ಒಟ್ಟು 40. ನಿಮಗೆ ಸಿಕ್ಕಿದ್ದು 120 ಆದ್ರೆ ಆ ಹೆಚ್ಚುವರಿ 80 ಯಾವೊಂದು ಕಾರಣದ್ದೂ ಅಲ್ಲ, ಅದು ಅವೆರಡರ ಭೇಟಿಯದ್ದು.

ಇದರ ಬೆಲೆ ಗೊತ್ತಾಗೋದು ಬಗೆಹರಿಸೋಕೆ ಹೊರಟಾಗ. ಎರಡೂ ಇದ್ದ ಆ ಗುಂಪಿಗೆ ಗಾಳಿ ಬೆಳಕಿರೋ ಜಾಗ ಕೊಟ್ರೆ 120 ಇದ್ದದ್ದು 20ಕ್ಕೆ ಇಳಿಯತ್ತೆ, 100 ಜನ ಉಳಿದ್ರು. ಊಟ ಸರಿ ಮಾಡಿದ್ರೆ 30ಕ್ಕೆ ಇಳಿಯತ್ತೆ, 90 ಜನ ಉಳಿದ್ರು. 100 ಮತ್ತೆ 90 ಕೂಡಿಸಿದ್ರೆ 190, ಕಾಯಿಲೆ ಬಿದ್ದೋರೇ 120! ಲೆಕ್ಕ ತಪ್ಪಿಲ್ಲ, ಆ 80 ಜನರನ್ನ ಎರಡರಲ್ಲಿ ಯಾವ ದಾರಿ ಹಿಡಿದ್ರೂ ಉಳಿಸಬಹುದು, ಅದಕ್ಕೇ ಎರಡೂ ಕಡೆ ಎಣಿಕೆ ಆಗ್ತಾರೆ. ಹಾಗಾಗಿ ಕಾಯಿಲೆಯಲ್ಲಿ ನೀರಿನ ಪಾಲು ಇಷ್ಟು ಪರ್ಸೆಂಟ್, ಮನೆಯ ಪಾಲು ಇಷ್ಟು ಪರ್ಸೆಂಟ್, ಒಟ್ಟು ನೂರು ಅಂತ ಯಾರಾದ್ರೂ ಪೈ ಚಾರ್ಟ್ ಹಾಕಿದ್ರೆ ಒಪ್ಕೋಬೇಡಿ. ಕಷ್ಟದ ಕಾರಣ ಕೈಗೆ ಸಿಗಲ್ಲ ಅಂದ್ರೆ ಸುಲಭದ್ದನ್ನ ಹಿಡೀರಿ, ಭೇಟಿ ತಪ್ಪಿದ್ರೆ ಸಾಕು.

ಕಾಯಿಲೆ ಕಾಯಿಲೆಗಳ ನಡುವೆಯೂ ಇದೇ ಥರ ಭೇಟಿ ಇರತ್ತೆ, ಇದನ್ನ ಮರೆಯೋರು ಜಾಸ್ತಿ. ಟಿಬಿ ರೋಗಾಣು ಮೈಯೊಳಗೆ ಹೊಕ್ಕವರಲ್ಲಿ ಜೀವಮಾನದಲ್ಲಿ ಕಾಯಿಲೆ ಆಗೋದು ನೂರಕ್ಕೆ 5ರಿಂದ 10 ಜನಕ್ಕೆ ಮಾತ್ರ. ಉಳಿದವರಲ್ಲಿ ಅದು ಸುಮ್ನೆ ಮಲಗಿರತ್ತೆ, ಎಚ್‌ಐವಿ, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ತಂಬಾಕು ಇವು ಬಂದು ಎಬ್ಬಿಸ್ತವೆ. ಹೆಪಟೈಟಿಸ್ ಡಿ ವೈರಸ್ಸಂತೂ ಹೆಪಟೈಟಿಸ್ ಬಿ ಇಲ್ಲದ ಮೈಯಲ್ಲಿ ಬೆಳೆಯೋಕೇ ಆಗಲ್ಲ, ಬಿ ಲಸಿಕೆ ಹಾಕಿದ್ರೆ ಎರಡೂ ಹೋಯ್ತು. 1918ರ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನ ಕೊಂದಿದ್ದು ವೈರಸ್ ಹಾಳು ಮಾಡಿದ ಶ್ವಾಸಕೋಶಕ್ಕೆ ಆಮೇಲೆ ಹೊಕ್ಕ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಕೇಸು ಪಟ್ಟೀಲಿ ಜೊತೆಗಿರೋ ಕಾಯಿಲೆಗೆ ಒಂದು ಕಾಲಂ ಇಡಲೇಬೇಕು.

ಯಾರಿಗೆ, ಎಲ್ಲಿ, ಯಾವಾಗ

ನಕ್ಷೆ ಊಹೆ ಅಷ್ಟೇ, ಕೇಸು ಪಟ್ಟಿ ಅದನ್ನ ಪರೀಕ್ಷೆ ಮಾಡತ್ತೆ. ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಯಾರಿಗೆ ಬಂತು ಅನ್ನೋದರ ಜೊತೆ ಯಾರಿಗೆ ಬರಲಿಲ್ಲ ಅನ್ನೋದು. ಮಲೇಷ್ಯಾದಲ್ಲಿ 1998ರ ಸೆಪ್ಟೆಂಬರಿಂದ ಮಿದುಳು ಜ್ವರ ಶುರುವಾದಾಗ ಮೊದಲು ಅದನ್ನ ಜಪಾನೀಸ್ ಎನ್‌ಸೆಫಲೈಟಿಸ್ ಅಂದ್ಕೊಂಡ್ರು. ಅದು ಸೊಳ್ಳೆಯಿಂದ ಬರತ್ತೆ, ಅದರ ವೈರಸ್ಸೂ ಹಂದಿಗಳಲ್ಲಿ ಬೆಳೆಯತ್ತೆ, ಇಲ್ಲೂ ಹಂದಿ ಇದ್ವು, ಹಾಗಾಗಿ ತಪ್ಪು ತಿಳ್ಕೊಂಡಿದ್ದು ಸಹಜ. ಫಾಗಿಂಗ್ ಮಾಡಿದ್ರು, ಲಸಿಕೆ ಕೊಟ್ರು, ನಿಲ್ಲಲಿಲ್ಲ. ಪಟ್ಟಿ ನೋಡಿದ್ರೆ ಬಿದ್ದೋರೆಲ್ಲ ಹೆಚ್ಚಾಗಿ ಹಂದಿ ಫಾರಂಗಳಲ್ಲಿ ಕೈಯಾರೆ ಕೆಲಸ ಮಾಡೋ ದೊಡ್ಡ ಗಂಡಸರು. ಸೊಳ್ಳೆ ಮಕ್ಕಳನ್ನ ಬಿಟ್ಟು ದೊಡ್ಡೋರನ್ನೇ ಆರಿಸಿ ಕಡಿಯಲ್ಲ, ಲಸಿಕೆ ಹಾಕಿಸ್ಕೊಂಡವರಿಗೂ ಬಂತು, ಅದೂ ಅಲ್ದೆ ಹಂದಿಗಳಿಗೇ ಕೆಮ್ಮು ಬರ್ತಿತ್ತು. 1999ರ ಮಾರ್ಚಲ್ಲಿ ಹೊಸ ವೈರಸ್ ಸಿಕ್ತು, ಸುಂಗೈ ನಿಪಾ ಅನ್ನೋ ಹಳ್ಳಿ ಹೆಸರಿಂದ ಅದಕ್ಕೆ ನಿಪಾ ಅಂತ ಹೆಸರಾಯ್ತು. ಮಲೇಷ್ಯಾದಲ್ಲಿ 265 ಜನಕ್ಕೆ ಬಂದು 105 ಜನ ಸತ್ತರು, ಹತ್ತು ಲಕ್ಷದಷ್ಟು ಹಂದಿ ಕೊಲ್ಲಬೇಕಾಯ್ತು.

ಬಾವಲಿಗಳಲ್ಲಿ ಆ ವೈರಸ್ ಅದಕ್ಕೂ ಮುಂಚಿಂದ ಇತ್ತು. ಮತ್ತೆ ಆಗಲೇ ಯಾಕೆ? ದೊಡ್ಡ ಫಾರಂಗಳಲ್ಲಿ ಹಂದಿ ಗೂಡಿನ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ರು, ಬಾವಲಿ ಹಣ್ಣು ತಿಂದು ಬಿಟ್ಟ ಚೂರು ಕೆಳಗೆ ಬಿದ್ದು ಹಂದಿ ಬಾಯಿಗೆ ಹೋಯ್ತು. ಹಂದಿ ಸಾವಿರಗಟ್ಟಲೆ ಇದ್ದದ್ರಿಂದ, ಹೊಸ ಮರಿ ಹುಟ್ತಾನೇ ಇದ್ದದ್ರಿಂದ ವೈರಸ್ಸಿಗೆ ಇಮ್ಯುನಿಟಿ ಇಲ್ಲದ ಹಂದಿ ಸಿಕ್ತಾನೇ ಇತ್ತು, ಆರಲಿಲ್ಲ. ಆಮೇಲೆ ಹಂದಿ ಮಾರಾಟ ಅದನ್ನ ಬೇರೆ ರಾಜ್ಯಗಳಿಗೆ ಒಯ್ತು, ಸಿಂಗಪುರದ ಕಸಾಯಿಖಾನೆಯವರಿಗೂ ತಲುಪಿತು. ಅದೇ ವೈರಸ್ ಬಾಂಗ್ಲಾದೇಶದಲ್ಲಿ 2001ರಿಂದ ಕಾಣಿಸ್ಕೊಂಡಾಗ ಹಂದಿಯೇ ಇಲ್ಲ. ಅಲ್ಲಿ ಚಳಿಗಾಲದಲ್ಲಿ ಈಚಲು ಮರದ ರಸ ಇಳಿಸ್ತಾರೆ, ರಾತ್ರಿ ಬಾವಲಿ ಬಂದು ಮಡಕೆ ನೆಕ್ಕತ್ತೆ, ಬೆಳಿಗ್ಗೆ ಜನ ಆ ರಸವನ್ನ ಹಸಿಯಾಗೇ ಕುಡೀತಾರೆ, ಆಮೇಲೆ ಆರೈಕೆ ಮಾಡೋರಿಗೂ ದಾಟತ್ತೆ. ರೋಗಾಣು ಒಂದೇ, ನಕ್ಷೆ ಪೂರ್ತಿ ಬೇರೆ. ಅದಕ್ಕೇ ಇನ್ನೊಂದು ಕಡೆಯ ವರದಿಯಿಂದ ನಕ್ಷೆ ಕಾಪಿ ಮಾಡಬಾರದು, ಪ್ರತಿ ಸಲ ಹೊಸದಾಗಿ ಬರೀಬೇಕು.

ಎಲ್ಲಿ ಅನ್ನೋದಕ್ಕೆ ಜರ್ಮನಿಯ ಹ್ಯಾಂಬರ್ಗ್ ನೋಡಿ, 1892. ಎಲ್ಬೆ ನದಿ ನೀರನ್ನ ಸೋಸದೇ ಊರಿಗೆ ಬಿಡ್ತಿದ್ರು, ಆ ಬೇಸಿಗೆ ಬಿಸಿಯಾಗಿತ್ತು, ನದಿ ಇಳಿದಿತ್ತು, ಬಂದರು ವ್ಯಾಪಾರಕ್ಕೆ ಪೆಟ್ಟು ಬೀಳತ್ತೆ ಅಂತ ಅಧಿಕಾರಿಗಳು ಕಾಲರಾ ಇದೆ ಅಂತ ಒಪ್ಕೊಳ್ಳೋಕೆ ತಡ ಮಾಡಿದ್ರು. ಸುಮಾರು 8,600 ಜನ ಸತ್ತರು, ಬಡವರ ಕೇರಿಗಳಲ್ಲಿ ಹೆಚ್ಚು. ಪಕ್ಕದ ಆಲ್ಟೋನಾ ಊರು ಅದೇ ನದಿಯ ನೀರನ್ನ, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನ, ಮರಳಲ್ಲಿ ಸೋಸಿ ಕುಡೀತಿತ್ತು, ಅಲ್ಲಿ ಕಾಲರಾ ಹೆಚ್ಚು ಹಬ್ಬಲಿಲ್ಲ. ಎರಡೂ ಊರಿನ ಗಡಿ ಬೀದೀಲಿ ಒಂದು ಬದಿಗೆ ಕಾಯಿಲೆ, ಇನ್ನೊಂದು ಬದಿಗೆ ಇಲ್ಲ. ಒಂದೇ ಗಾಳಿ, ಒಂದೇ ಮಣ್ಣು, ಅದೇ ಥರದ ಜನ, ನಲ್ಲಿ ಮಾತ್ರ ಬೇರೆ. ಇಂಥ ಗಡಿ ಸಿಕ್ರೆ ಬಿಡಬೇಡಿ, ಅಲ್ಲಿ ಒಂದೇ ಕಾರಣ ಬದಲಾಗಿ ಉಳಿದಿದ್ದೆಲ್ಲ ಸಮ ಇರತ್ತೆ.

ಆಗ ಮ್ಯೂನಿಕ್ಕಿನ ಪೆಟೆನ್‌ಕೋಫರ್ ಅನ್ನೋ ದೊಡ್ಡ ವಿಜ್ಞಾನಿ, ರೋಗಾಣು ಒಂದರಿಂದಲೇ ಕಾಲರಾ ಹಬ್ಬಲ್ಲ, ಸ್ಥಳದ ಮಣ್ಣಿನ ಸ್ಥಿತಿಯೂ ಸೇರಬೇಕು ಅಂತ ವಾದ ಮಾಡ್ತಿದ್ರು, ಅದನ್ನ ತೋರಿಸೋಕೆ 1892ರ ಅಕ್ಟೋಬರಲ್ಲಿ ಕಾಲರಾ ರೋಗಾಣು ಇದ್ದ ದ್ರವ ಕುಡಿದೇಬಿಟ್ರು. ಸ್ವಲ್ಪ ಭೇದಿ ಆಗಿ ಬದುಕ್ಕೊಂಡ್ರು. ಮಣ್ಣಿನ ವಿಷಯದಲ್ಲಿ ಅವರು ತಪ್ಪು, ನೀರನ್ನ ಬಿಟ್ಟಿದ್ದು ದೊಡ್ಡ ತಪ್ಪು. ಆದ್ರೆ ರೋಗಾಣು ಒಳಗೆ ಹೋದವರಿಗೆಲ್ಲ ಯಾಕೆ ಒಂದೇ ಥರ ಆಗಲ್ಲ ಅನ್ನೋ ಅವರ ಪ್ರಶ್ನೆ ಇವತ್ತಿಗೂ ಸರಿ. ನನ್ನ ಪ್ರಕಾರ ರೋಗಾಣು ಒಂದೇ ಸಾಕು ಅನ್ನೋರಿಗೂ ಅವರಿಗೂ ನಡೆದ ಅಂದಿನ ಜಗಳದಲ್ಲಿ ಎರಡು ಕಡೆಯ ಅರ್ಧ ಅರ್ಧ ಸೇರಿಸಿದ್ರೆ ಇವತ್ತಿನ ವಿಧಾನ ಸಿಗತ್ತೆ.

ಇಲ್ಲೇ ಒಂದು ಹಳ್ಳ ಇದೆ, ನೋಡ್ಕೊಂಡು ದಾಟಿ. 1849ರ ಕಾಲರಾ ಆದ್ಮೇಲೆ ಲಂಡನ್ನಿನ ವಿಲಿಯಂ ಫಾರ್ ಅಂಕಿ ಅಂಶ ನೋಡಿ, ಎತ್ತರದ ಜಾಗದಲ್ಲಿರೋರಲ್ಲಿ ಸಾವು ಕಮ್ಮಿ, ತಗ್ಗಲ್ಲಿ ಹೆಚ್ಚು ಅಂತ ಕಂಡ್ಕೊಂಡ್ರು. ಅಂಕಿ ನಿಜ. ಕೆಟ್ಟ ಗಾಳಿ ತಗ್ಗಲ್ಲಿ ನಿಲ್ಲತ್ತೆ ಅನ್ನೋ ವಿವರಣೆ ಸುಳ್ಳು, ತಗ್ಗಲ್ಲಿದ್ದೋರು ಥೇಮ್ಸ್ ನದಿಯ ಹೊಲಸು ನೀರು ಕುಡೀತಿದ್ರು. ಎರಡು ಕಾರಣ ಯಾವಾಗ್ಲೂ ಜೊತೆಗೇ ಓಡಾಡ್ತಿದ್ರೆ ಒಂದನ್ನ ಸಮ ಇಟ್ಟು ಇನ್ನೊಂದನ್ನ ನೋಡಿ: ತಗ್ಗಲ್ಲಿದ್ದು ಒಳ್ಳೆ ನೀರು ಕುಡಿದವ್ರು ಯಾರು, ಎತ್ತರದಲ್ಲಿದ್ದು ಕೆಟ್ಟ ನೀರು ಕುಡಿದವ್ರು ಯಾರು. ಹೋಲಿಸೋವಾಗ ಬರೀ ಕೇಸು ಎಣಿಸ್ಬೇಡಿ, ಆ ಗುಂಪಲ್ಲಿ ಒಟ್ಟು ಎಷ್ಟು ಜನ ಇದ್ರು ಅನ್ನೋದರಿಂದ ಭಾಗಿಸಿ.

ಯಾವಾಗ ಅನ್ನೋದಕ್ಕೆ ದಿನಕ್ಕೆ ಎಷ್ಟು ಕೇಸು ಅಂತ ಗ್ರಾಫ್ ಹಾಕಿ, ಮೊದಲ ಲಕ್ಷಣ ಕಂಡ ದಿನ ತಗೊಳ್ಳಿ, ಆಸ್ಪತ್ರೆಗೆ ಬಂದ ದಿನ ಅಲ್ಲ. ಅಲ್ಲಿಂದ ಸೋಂಕಿನ ಅಡಗಿರೋ ಅವಧಿಯಷ್ಟು, ಅಂದ್ರೆ ರೋಗಾಣು ಹೊಕ್ಕ ದಿನದಿಂದ ಲಕ್ಷಣ ಕಾಣೋವರೆಗಿನ ಸಮಯದಷ್ಟು, ಹಿಂದಕ್ಕೆ ಹೋಗಿ, ಕಾಲರಾಗೆ ಕೆಲವು ಗಂಟೆಯಿಂದ ಐದು ದಿನ, ದಡಾರಕ್ಕೆ ಜ್ವರ ಬರೋವರೆಗೆ ಸುಮಾರು ಹತ್ತು ಹನ್ನೆರಡು ದಿನ. ಆದ್ರೆ ದೂರದ ಕಾರಣಗಳು ಇನ್ನೂ ಹಿಂದೆ ಇರಬಹುದು. ಅಮೆರಿಕದ ನೈಋತ್ಯದಲ್ಲಿ 1993ರಲ್ಲಿ ಆರೋಗ್ಯವಾಗಿದ್ದ ಯುವಕರು ದಿಢೀರ್ ಉಸಿರುಗಟ್ಟಿ ಸತ್ತರು, ಹ್ಯಾಂಟಾ ವೈರಸ್, ಇಲಿಗಳ ಮೂತ್ರ ಹಿಕ್ಕೆ ಒಣಗಿ ಧೂಳಾಗಿ ಉಸಿರಿಗೆ ಹೋಗಿದ್ದು. ಅದಕ್ಕೆ ಮುಂಚೆ ಎಲ್ ನಿನೊ ಅಂದ್ರೆ ಪೆಸಿಫಿಕ್ ಸಾಗರ ಬಿಸಿಯಾಗಿ ಬಂದ ಮಳೆಯಿಂದ ಹುಲ್ಲು ಬೀಜ ಹುಲುಸಾಗಿ, ಇಲಿಗಳು ವಿಪರೀತ ಹೆಚ್ಚಿ, ಮನೆಯೊಳಗೆ ಬಂದಿದ್ದವು. ಸಾವಾದ ವಾರದ ಹವಾಮಾನ ಮಾತ್ರ ನೋಡಿದ್ರೆ ಏನೂ ಕಾಣ್ತಿರ್ಲಿಲ್ಲ. ಡೆಂಗ್ಯೂ ಇನ್ನೂ ಒಂದು ಕೈ ಮುಂದೆ, ಮಳೆ ಬಂದ್ರೆ ಸೊಳ್ಳೆ ಅಂತೀವಿ, ಆದ್ರೆ ಬರ ಬಂದು ನಲ್ಲಿ ನಿಂತಾಗ ಜನ ಡ್ರಮ್ಮು ತೊಟ್ಟೀಲಿ ನೀರು ತುಂಬಿಡ್ತಾರೆ, ಈಡಿಸ್ ಸೊಳ್ಳೆ ಅಲ್ಲೇ ಮೊಟ್ಟೆ ಇಡತ್ತೆ, ಆ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರತ್ತೆ. ಹಾಗಾಗಿ ಮಳೆಯಿಂದ ಹೊರಡೋ ಬಾಣದ ಮೇಲೆ ನೀರು ಸರಬರಾಜು ಹೇಗಿದೆ ಅನ್ನೋ ಷರತ್ತು ಬರೀಬೇಕು.

ಎಲ್ಲಿ ಕತ್ತರಿಸೋದು

ಬಾಣಗಳ ಹಾಳೆ ತುಂಬಿದ ಮೇಲೆ ಎಲ್ಲಾ ದಾರಿಗಳೂ ಹಾದುಹೋಗೋ ಗಂಟು ಎಲ್ಲಿದೆ ನೋಡಿ. ಅಮಾಯ್ ಗಾರ್ಡನ್ಸಲ್ಲಿ ಅದು ಪೈಪಿನೊಳಗಿನ ನೀರು, ಹ್ಯಾಂಬರ್ಗಲ್ಲಿ ಮರಳಿನ ಸೋಸು ತೊಟ್ಟಿ, ಬಾಂಗ್ಲಾದೇಶದಲ್ಲಿ ರಸ ಸೋರೋ ಜಾಗಕ್ಕೆ ಬಿದಿರಿನ ಮರೆ ಕಟ್ಟೋದು. ತುಂಬಾ ದೊಡ್ಡ ಕಾರಣವೇ ಒಳ್ಳೆ ಗಂಟು ಆಗಬೇಕಂತಿಲ್ಲ, ಬೇಗ ಆಗೋದು, ಜನ ಒಪ್ಪೋದು, ಕೈಲಿರೋ ಹಣದಲ್ಲಿ ಆಗೋದು ಇವನ್ನೂ ನೋಡಿ. ಹಾಗಂತ ದೊಡ್ಡ ಕಾರಣ ಅಳಿಸಬೇಡಿ, ಗೆರೆ ಎಳೆದಿದ್ದು ಹಾಗೇ ಇರಲಿ, ಅದು ಮುಂದಿನ ವರ್ಷದ ಬಜೆಟ್ ಕೇಳೋಕೆ ಬೇಕು.

ಕೆಲಸ ಶುರು ಮಾಡೋ ಮುಂಚೆಯೇ ತಾರೀಕು ಹಾಕಿ ಬರೆದಿಡಿ: ಈ ಗಂಟು ಕತ್ತರಿಸಿದ್ರೆ ಯಾವ ಗುಂಪಲ್ಲಿ, ಎಷ್ಟು ದಿನದಲ್ಲಿ ಕೇಸು ಇಳೀಬೇಕು ಅಂತ. ಯಾಕಂದ್ರೆ ಕೇಸು ಏರಿದಾಗ ಜನ ತಾವಾಗೇ ಹೆದರಿ ಓಡಾಟ ಕಮ್ಮಿ ಮಾಡ್ತಾರೆ, ಇಮ್ಯುನಿಟಿ ಇಲ್ಲದವರೂ ಕಮ್ಮಿ ಆಗ್ತಾ ಬರ್ತಾರೆ, ಹಾಗಾಗಿ ನೀವೇನೂ ಮಾಡದಿದ್ರೂ ಇಳಿಯೋ ಸಾಧ್ಯತೆ ಇದೆ, ಮುಂಚೆ ಬರೆದಿಡದಿದ್ರೆ ಯಾವುದರಿಂದ ಇಳೀತು ಅಂತ ಆಮೇಲೆ ಹೇಳೋಕಾಗಲ್ಲ. ಇಳಿದ ಮೇಲೆ ಹೆದರಿಕೆ ಹೋಗಿ ಓಡಾಟ ಮತ್ತೆ ಶುರು ಆಗತ್ತೆ, ಆ ಬಾಣ ಕೇಸಿಂದ ನಡವಳಿಕೆಗೆ ವಾಪಸ್ ಬರತ್ತೆ, ಅದನ್ನೂ ಹಾಳೇಲಿ ಹಾಕಿ. ಎರಡು ಅಡಗು ಅವಧಿ ಕಳೆದ್ರೂ ಹೇಳಿದ ಗುಂಪಲ್ಲಿ ಇಳೀಲಿಲ್ಲ ಅಂದ್ರೆ ಬಾಣ ಎಲ್ಲೋ ತಪ್ಪಿದೆ ಅಂತ ಅರ್ಥ, ಆಗ ಕಾಯಿಲೆ ಬಿದ್ದೋರ ಮನೆಗಿಂತ ಮೊದಲು ಅದೇ ಬೀದೀಲಿ ಕಾಯಿಲೆ ಬೀಳದೇ ಇದ್ದೋರ ಮನೆಗೆ ಹೋಗಿ, ಅವರು ಏನು ಕುಡೀತಾರೆ, ಎಲ್ಲಿ ಮಲಗ್ತಾರೆ, ಯಾವ ಕೆಲಸಕ್ಕೆ ಹೋಗ್ತಾರೆ ಅಂತ ಕೂತು ಕೇಳಿ.